ಮೋಟಾರ್ ಹಾಕಿದರೆ ಬೋರ್ಡ್ ಹ್ಯಾಂಗ್: ತೋಟಕ್ಕೆ ಒಯ್ಯುವ ಮೊದಲು ಮನೆ ಮೇಜಿನ ಮೇಲೆ ಮಾಡಬೇಕಾದ ಪರೀಕ್ಷೆಗಳು

ಫೆಬ್ರವರಿ ಬಂತೆಂದರೆ ಒಂದೇ ಪ್ರಶ್ನೆ ಹತ್ತು ವೇಷದಲ್ಲಿ ಬರುತ್ತದೆ. ಕಾಫಿ ಹೂ ಅರಳಿಸುವ ಹೂಮಳೆ ಬರಲಿಲ್ಲ, ಸ್ಪ್ರಿಂಕ್ಲರ್‌ಗೆಂದು ಕೆರೆಯ ಮೋಟಾರ್ ಹಾಕಿದೆವು, ಹಾಕಿದ ಕ್ಷಣಕ್ಕೆ ನೀರಿನ ಮಟ್ಟ ನೋಡುವ ಬೋರ್ಡ್ (ಚಿಪ್ ಕೂರಿಸಿದ ಸಣ್ಣ ಸರ್ಕ್ಯೂಟ್) ಹ್ಯಾಂಗ್ ಆಯಿತು ಅನ್ನುತ್ತಾರೆ ಒಬ್ಬರು. ಕೊಡಗಿನ ಸಿದ್ದಾಪುರ, ಪಾಲಿಬೆಟ್ಟದ ಕಡೆಯವರದ್ದು ಆನೆ ಬೇಲಿಯ ಕಥೆ. ಬೇಲಿಯಲ್ಲಿ ಕರೆಂಟ್ ಇದೆಯಾ ಎಂದು ನೋಡಿ ಮೆಸೇಜ್ ಕಳಿಸುವ ಡಬ್ಬಿ ಮನೆಯಲ್ಲಿ ಚೆನ್ನಾಗಿಯೇ ಇತ್ತು, ಬೇಲಿ ಪಕ್ಕ ಇಟ್ಟ ಮೇಲೆ ರಾತ್ರಿಯಿಡೀ ಸುಳ್ಳು ಅಲಾರಂ. ಕಾಲೇಜಿನ ಹುಡುಗರು ಮಳೆ ಮಾಪಕ ಮಾಡಿ ಕೊಟ್ಟಿರುತ್ತಾರೆ, ಅದು ಬಿಸಿಲಲ್ಲೂ ಮಳೆ ಎಣಿಸುತ್ತಿರುತ್ತದೆ.

ಎಲ್ಲರೂ ಕೇಳುವುದು "ಯಾವ ಬೋರ್ಡ್ ತಗೊಳ್ಳಲಿ?" ಎಂದು. ಬೋರ್ಡ್ ಬದಲಿಸಿದರೆ ಸರಿಹೋಗುವುದು ಕಡಿಮೆ. ಹತ್ತರಲ್ಲಿ ಎಂಟು ಸಲ ತಪ್ಪು ಬೋರ್ಡಿನದ್ದಲ್ಲ, ಅದಕ್ಕೆ ಕಟ್ಟಿದ ತಂತಿಯದ್ದು. ಯಾವ ತಂತಿ ಅನ್ನುವುದನ್ನು ಮೇಜಿನ ಮೇಲೆ ಒಂದು ಮಧ್ಯಾಹ್ನದಲ್ಲಿ ಕಂಡುಹಿಡಿಯಬಹುದು. ಅದನ್ನು ಹೇಗೆ ಮಾಡುವುದು ಎಂದು ಇಲ್ಲಿ ಬರೆದಿದ್ದೇನೆ.

ಮೊದಲು ಎರಡು ಪದ ತಿಳಿದುಕೊಳ್ಳಿ. ಮೋಟಾರ್, ಬೇಲಿ, ಫೋನ್, ಮಿಂಚು ಇವು ಗಾಳಿಯಲ್ಲೋ ತಂತಿಯಲ್ಲೋ ಹರಿಬಿಡುವ ವಿದ್ಯುತ್ ಗದ್ದಲಕ್ಕೆ ಇಎಂಐ ಅನ್ನುತ್ತಾರೆ. ಆ ಗದ್ದಲದ ನಡುವೆಯೂ ತನ್ನ ಕೆಲಸ ತಾನು ಮಾಡಿಕೊಂಡು ಹೋಗುವ ತಾಕತ್ತಿಗೆ ಇಮ್ಯುನಿಟಿ ಎಂದು ಹೆಸರು. ನಿಮ್ಮ ಉಪಕರಣ ತಾನೇ ಎಷ್ಟು ಗದ್ದಲ ಮಾಡುತ್ತದೆ ಎಂಬುದು ಬೇರೆ ಪರೀಕ್ಷೆ, ಇಲ್ಲಿ ಅದರ ಮಾತಿಲ್ಲ.

ಬೇಕಾದ ಸಾಮಾನು ಇಷ್ಟೇ: 12 ವೋಲ್ಟ್ ಬ್ಯಾಟರಿ, ಕಾರಿಗೆ ಹಾಕುವ ಐದು ಪಿನ್ನಿನ ರಿಲೇ (ಒಳಗಿನ ಕಾಯಿಲಿಗೆ ಕರೆಂಟ್ ಕೊಟ್ಟರೆ ಬದಲಾಗುವ ಸ್ವಿಚ್) ಒಂದು, ಹಳೆಯ ಟ್ರಾನ್ಸಿಸ್ಟರ್ ರೇಡಿಯೋ, ಅಡುಗೆಮನೆಯ ಗ್ಯಾಸ್ ಲೈಟರ್, ಮಲ್ಟಿಮೀಟರ್, ಲೈಸೆನ್ಸ್ ಬೇಡದ ವಾಕಿಟಾಕಿ ಒಂದು ಜೋಡಿ, ಒಂದು ನೋಟ್‌ಬುಕ್. ವೋಲ್ಟೇಜ್ ಏರಿಸಿ ಇಳಿಸುವ ಪವರ್ ಸಪ್ಲೈ ಇದ್ದರೆ ಒಳ್ಳೆಯದು. ವಾಕಿಟಾಕಿ ಸಿಗದಿದ್ದರೆ ಫೋನಿನಲ್ಲೇ ಅರ್ಧ ಕೆಲಸ ಆಗುತ್ತದೆ.

1. ಫೇಲ್ ಅಂದರೆ ಏನು ಎಂದು ಮೊದಲೇ ಬರೆದಿಡಿ

ಇದನ್ನು ಎಲ್ಲರೂ ಬಿಟ್ಟುಬಿಡುತ್ತಾರೆ. ಆಮೇಲೆ ಡಿಸ್‌ಪ್ಲೇ ಒಂದು ಸಲ ಮಿನುಗಿದರೆ ಅದು ಪಾಸೋ ಫೇಲೋ ಎಂದು ವಾದ ಶುರುವಾಗುತ್ತದೆ. ಲ್ಯಾಬ್‌ಗಳಲ್ಲಿ ಇದಕ್ಕೆ ದರ್ಜೆಗಳಿವೆ. ಎ ದರ್ಜೆ ಎಂದರೆ ಗದ್ದಲ ನಡೆಯುವಾಗಲೂ ಉಪಕರಣಕ್ಕೆ ಏನೂ ಆಗಬಾರದು. ಬಿ ಎಂದರೆ ತಡವರಿಸಬಹುದು, ಆದರೆ ಗದ್ದಲ ನಿಂತ ಮೇಲೆ ತಾನಾಗಿಯೇ ಸರಿಹೋಗಬೇಕು. ಸಿ ಎಂದರೆ ಯಾರಾದರೂ ಹೋಗಿ ಸ್ವಿಚ್ ಆಫ್ ಮಾಡಿ ಆನ್ ಮಾಡಿದರೆ ಸರಿಹೋಗುತ್ತದೆ. ಮತ್ತೆ ಏಳದೇ ಹೋದರೆ ಡಿ.

ಟೇಬಲ್ ಮೇಲಿನ ವಸ್ತುವಿಗೆ ಸಿ ದರ್ಜೆ ಪರವಾಗಿಲ್ಲ ಅನಿಸಬಹುದು. ಜುಲೈ ತಿಂಗಳಲ್ಲಿ, ಜಿಗಣೆ ಕಿತ್ತುಕೊಳ್ಳುತ್ತಾ ಒಂದೂವರೆ ಕಿಲೋಮೀಟರ್ ಇಳಿದು ಕೆರೆ ಹತ್ತಿರ ಹೋಗಿ ಸ್ವಿಚ್ ಒತ್ತಬೇಕು ಅಂದಾಗ ಸಿ ಎಂದರೂ ಫೇಲ್ ಎಂದೇ ಲೆಕ್ಕ. ಹಾಗಾಗಿ ತೋಟದಲ್ಲಿ ಇಡುವ ಯಾವುದಕ್ಕೂ ಬಿ ಆದರೂ ಬೇಕು. ಮೋಟಾರ್ ತಾನೇ ಆನ್ ಮಾಡುವ ಉಪಕರಣವಾದರೆ ಎ ಬೇಕು, ಏಕೆಂದರೆ ಅದು ತಡವರಿಸುವ ಎರಡು ಸೆಕೆಂಡಿನಲ್ಲಿ ಮೋಟಾರ್ ಪೈಪಿನ ಹತ್ತಿರ ಯಾರ ಕೈ ಇರುತ್ತದೋ ಗೊತ್ತಿಲ್ಲ.

ಹ್ಯಾಂಗ್ ಆಗುವುದು ಮಾತ್ರ ಫೇಲ್ ಅಲ್ಲ. ಅಂಕಿ ತಪ್ಪುವುದೂ ಫೇಲ್. "ಉಷ್ಣಾಂಶ 1 ಡಿಗ್ರಿಗಿಂತ ಜಾಸ್ತಿ ಅಲುಗಾಡಬಾರದು" ಎಂಬಂತೆ ಗೆರೆ ಎಳೆದಿಡಿ.

ಇನ್ನೊಂದು ಮುಖ್ಯ ವಿಷಯ. ವಾಚ್‌ಡಾಗ್ ಇದ್ದರೆ ಪರೀಕ್ಷೆ ಮುಗಿಯುವವರೆಗೆ ಆಫ್ ಮಾಡಿ. ವಾಚ್‌ಡಾಗ್ ಎಂದರೆ ಪ್ರೋಗ್ರಾಂ ನಿಂತುಹೋದರೆ ಚಿಪ್ಪನ್ನು ಎಬ್ಬಿಸುವ ಒಳಗಿನ ಟೈಮರ್. ಅದು ಸದ್ದಿಲ್ಲದೆ ರೀಸ್ಟಾರ್ಟ್ ಮಾಡುತ್ತಿದ್ದರೆ ಬೋರ್ಡ್ ಎಷ್ಟು ಸಲ ಬಿತ್ತು ಎಂದೇ ಗೊತ್ತಾಗುವುದಿಲ್ಲ. ರೀಸ್ಟಾರ್ಟ್ ಆದಾಗಲೆಲ್ಲ ಒಂದು ಎಣಿಕೆ ಏರುವ ಹಾಗೆ ಎರಡು ಸಾಲು ಕೋಡ್ ಸೇರಿಸಿದರೆ ಇನ್ನೂ ಒಳ್ಳೆಯದು.

2. ತೋಟದಲ್ಲಿ ಇರುವ ಹಾಗೆಯೇ ಮೇಜಿನ ಮೇಲೆ ಹರಡಿ

ಮರದ ಮೇಜು ಇರಲಿ, ಕಬ್ಬಿಣದ ಟೇಬಲ್ ಬೇಡ. ತೋಟದಲ್ಲಿ ಸೆನ್ಸರ್‌ಗೆ 8 ಮೀಟರ್ ತಂತಿ ಹಾಕುವುದಾದರೆ ಇಲ್ಲಿಯೂ 8 ಮೀಟರ್ ಹಾಕಿ. ಅರ್ಧ ಅಡಿ ಜಂಪರ್ ವೈರಿನಲ್ಲಿ ಪಾಸಾದ ಬೋರ್ಡ್ ಪಾಸಾದ ಹಾಗಲ್ಲ. ಬಹಳ ಜನ ಎಡವುವುದೇ ಇಲ್ಲಿ. ಉಳಿದ ತಂತಿಯನ್ನು ಸುರುಳಿ ಸುತ್ತಬೇಡಿ, ಹಾವಿನ ಹಾಗೆ ಅತ್ತಿತ್ತ ಹರಡಿ. ಸುರುಳಿ ಸುತ್ತಿದರೆ ಅದೇ ಒಂದು ಕಾಯಿಲ್ ಆಗಿ ಗದ್ದಲವನ್ನು ತಡೆದು ನಿಮಗೆ ಸುಳ್ಳು ಪಾಸ್ ಕೊಡುತ್ತದೆ.

ಲ್ಯಾಪ್‌ಟಾಪ್ ಸಿಕ್ಕಿಸಿ ಪರೀಕ್ಷೆ ಮಾಡಬೇಡಿ. ಯುಎಸ್‌ಬಿ ಕೇಬಲ್ ಕೂಡ ಒಂದು ತಂತಿಯೇ ಅಲ್ವಾ? ಅದರಿಂದಲೇ ಗದ್ದಲ ಒಳಗೆ ಬರುತ್ತದೆ. ಬೋರ್ಡಿನಲ್ಲೇ ಒಂದು ಎಲ್‌ಇಡಿ ಸೆಕೆಂಡಿಗೊಮ್ಮೆ ಮಿಟುಕುವ ಹಾಗೆ ಮಾಡಿಕೊಳ್ಳಿ. ಮಿಟುಕುವುದು ನಿಂತರೆ ಬೋರ್ಡ್ ಬಿದ್ದಿದೆ ಎಂದು ಅರ್ಥ.

3. ರೇಡಿಯೋದಲ್ಲಿ ಗದ್ದಲ ಕೇಳಿಸಿಕೊಳ್ಳಿ

ಇದು ಪರೀಕ್ಷೆಯಲ್ಲ, ಶತ್ರು ಎಲ್ಲಿದ್ದಾನೆ ಎಂದು ನೋಡಿಕೊಳ್ಳುವುದು. ರೇಡಿಯೋದಲ್ಲಿ ಮೀಡಿಯಂ ವೇವ್ ಹಾಕಿ, ಯಾವ ಸ್ಟೇಷನ್ನೂ ಇಲ್ಲದ ಜಾಗಕ್ಕೆ ತಿರುಗಿಸಿ. ಮಡಿಕೇರಿ ಆಕಾಶವಾಣಿ ಕೇಳುವ 103.1ರ ಎಫ್‌ಎಂ ಇದಕ್ಕೆ ಆಗುವುದಿಲ್ಲ, ಎಫ್‌ಎಂ ರೇಡಿಯೋ ಇಂಥ ಚಟಪಟ ಸದ್ದನ್ನು ತಾನೇ ನುಂಗಿಬಿಡುತ್ತದೆ. ರೇಡಿಯೋ ಹಿಡಿದು ಉಪಕರಣ ಇಡಬೇಕೆಂದಿರುವ ಜಾಗದಲ್ಲಿ ನಡೆದಾಡಿ.

ಸೆಕೆಂಡಿಗೊಂದು "ಟಕ್, ಟಕ್" ಕೇಳಿಸಿದರೆ ಅದು ಸೋಲಾರ್ ಬೇಲಿ. ಬೇಲಿಯ ಎನರ್ಜೈಸರ್ ಸಾವಿರಾರು ವೋಲ್ಟ್‌ನ ಸಣ್ಣ ಏಟನ್ನು ಸುಮಾರು ಸೆಕೆಂಡಿಗೊಂದರಂತೆ ಬಿಡುತ್ತದೆ. ಬೇಲಿ ಚೊಕ್ಕವಾಗಿದ್ದರೆ ಸದ್ದು ಸಣ್ಣದು. ಒದ್ದೆ ಕೊಂಬೆಯೋ ಬಳ್ಳಿಯೋ ತಾಗಿ ಕಿಡಿ ಹಾರುತ್ತಿದ್ದರೆ ಸದ್ದು ಜೋರಾಗುತ್ತದೆ, ನಡೆಯುತ್ತಾ ಹೋದರೆ ಕಿಡಿ ಹಾರುವ ಕಂಬವೇ ಸಿಕ್ಕಿಬಿಡುತ್ತದೆ. ಬೇಲಿ ರಿಪೇರಿಯವರಿಗೂ ಉಪಯೋಗಕ್ಕೆ ಬರುವ ಉಪಾಯ. ಒಂದೇ ಸಮನೆ "ಗುರ್‌ರ್" ಎಂದರೆ ಕರೆಂಟಿನ ಲೈನ್ ಅಥವಾ ಅಗ್ಗದ ಎಲ್‌ಇಡಿ ಬಲ್ಬ್. ಪಕ್ಕದ ತೋಟದಲ್ಲಿ ಕಳೆ ಕೊಚ್ಚುವ ಯಂತ್ರ ಓಡುತ್ತಿದ್ದರೆ ಅದರ ಸ್ಪಾರ್ಕ್ ಪ್ಲಗ್ಗಿನ ಸದ್ದೂ ಬರುತ್ತದೆ.

4. ಗುಂಯ್‌ಗುಡುವ ರಿಲೇ

ಸಮಯ ಇರುವುದು ಒಂದೇ ಪರೀಕ್ಷೆಗೆ ಎಂದಾದರೆ ಇದನ್ನೇ ಮಾಡಿ. ಮೋಟಾರ್ ಸ್ಟಾರ್ಟರಿನ ಕಾಂಟ್ಯಾಕ್ಟರ್, ಅಂದರೆ ಒಳಗಿನ ದೊಡ್ಡ ರಿಲೇ, ಬಿಡುವಾಗ ಅದರ ಕಾಯಿಲಿನಿಂದ ಚೂಪಾದ ವೋಲ್ಟೇಜ್ ಏಟುಗಳು ಸಾಲುಸಾಲಾಗಿ ಬರುತ್ತವೆ. ಲ್ಯಾಬ್‌ನಲ್ಲಿ ಇದನ್ನು ಇಎಫ್‌ಟಿ ಅಥವಾ ಬರ್ಸ್ಟ್ ಪರೀಕ್ಷೆ ಅನ್ನುತ್ತಾರೆ. ಅಲ್ಲಿನ ಒಂದೊಂದು ಏಟೂ 5 ನ್ಯಾನೋಸೆಕೆಂಡಿನಲ್ಲಿ ಏರುತ್ತದೆ. ಮನೆ ಸಾಮಾನುಗಳ ಕರೆಂಟ್ ತಂತಿಗೆ ಸಾಮಾನ್ಯವಾಗಿ 1,000 ವೋಲ್ಟ್, ಕಾರ್ಖಾನೆಯವಕ್ಕೆ 2,000 ವೋಲ್ಟ್. ಆ ಯಂತ್ರ ಲಕ್ಷಗಳ ಮಾತು. ನಮ್ಮದು ಒಂದು ರಿಲೇ.

ಕಾರ್ ರಿಲೇಯ ಪಿನ್ನುಗಳ ಪಕ್ಕ 30, 85, 86, 87, 87ಎ ಎಂದು ಬರೆದಿರುತ್ತದೆ. ಬ್ಯಾಟರಿಯ ಪ್ಲಸ್ಸನ್ನು 30ಕ್ಕೆ ಕೊಡಿ. 87ಎಯಿಂದ ಒಂದು ತಂತಿ 86ಕ್ಕೆ. 85ರಿಂದ ಬ್ಯಾಟರಿಯ ಮೈನಸ್‌ಗೆ. 87 ಖಾಲಿ ಇರಲಿ. ಕರೆಂಟ್ ಕೊಟ್ಟ ತಕ್ಷಣ ಕಾಯಿಲ್ ಎಳೆಯುತ್ತದೆ, ಎಳೆದ ಕೂಡಲೇ ತನ್ನ ಕರೆಂಟನ್ನು ತಾನೇ ಕತ್ತರಿಸಿಕೊಳ್ಳುತ್ತದೆ, ಬಿಟ್ಟರೆ ಮತ್ತೆ ಎಳೆಯುತ್ತದೆ. ಜೇನುಹುಳು ಡಬ್ಬಿಯಲ್ಲಿ ಸಿಕ್ಕಿಕೊಂಡ ಹಾಗೆ ಗುಂಯ್ ಎನ್ನುತ್ತದೆ. ಪ್ರತಿ ಸಲ ಕತ್ತರಿಸಿದಾಗಲೂ ಕಾಯಿಲ್ ನೂರಾರು ವೋಲ್ಟ್‌ನ ಏಟು ಎಸೆಯುತ್ತದೆ. ಆ ಏಟು ಇರುವುದು 87ಎಯಿಂದ 86ಕ್ಕೆ ಹೋಗುವ ತಂತಿಯಲ್ಲಿ. ಹಾಗಾಗಿ ಅದನ್ನೇ ಎರಡು ಮೀಟರ್ ಉದ್ದ ಬಿಟ್ಟುಕೊಳ್ಳಿ.

ರಿಲೇ ಕೊಳ್ಳುವಾಗ ಮೈಮೇಲಿನ ಚಿತ್ರ ನೋಡಿ. ಕಾಯಿಲಿಗೆ ಅಡ್ಡವಾಗಿ ಡಯೋಡ್ ಅಥವಾ ರೆಸಿಸ್ಟರ್ ಬರೆದಿದ್ದರೆ ಅದು ಬೇಡ. ಅದು ಏಟನ್ನು ನುಂಗಿಹಾಕುತ್ತದೆ, ನಿಮಗೆ ಬೇಕಿರುವುದೇ ಆ ಏಟು.

ಈಗ ಈ ಗದ್ದಲದ ತಂತಿಯನ್ನು ನಿಮ್ಮ ಸೆನ್ಸರ್ ತಂತಿಯ ಜೊತೆ ಒಂದು ಮೀಟರ್ ಉದ್ದಕ್ಕೆ ಅಂಟಿಸಿ, ಟೇಪಿನಿಂದ ಸುತ್ತಿ. ಲೋಹಕ್ಕೆ ಲೋಹ ತಾಗಿಸಬೇಡಿ, ಎರಡೂ ತಂತಿಯ ಪ್ಲಾಸ್ಟಿಕ್ ಸರಿಯಾಗಿರಬೇಕು. ಹತ್ತು ಸೆಕೆಂಡ್ ಗುಂಯ್‌ಗುಡಿಸಿ, ನಿಲ್ಲಿಸಿ, ಎಲ್‌ಇಡಿ ನೋಡಿ. ಹೀಗೆ ಆರು ಸಲ. ಆಮೇಲೆ ಅದನ್ನು ಬಿಚ್ಚಿ ಪವರ್ ತಂತಿಗೆ ಕಟ್ಟಿ. ಆಮೇಲೆ ಆಂಟೆನಾ ತಂತಿ. ಒಂದು ಸಲಕ್ಕೆ ಒಂದೇ ತಂತಿ, ಪ್ರತಿಯೊಂದರ ಫಲಿತಾಂಶ ಬೇರೆ ಬೇರೆ ಬರೆಯಿರಿ. ಎಲ್ಲಾ ತಂತಿ ಒಟ್ಟಿಗೆ ಕಟ್ಟಿ ಪರೀಕ್ಷೆ ಮಾಡಿದರೆ ಬೋರ್ಡ್ ಬಿದ್ದದ್ದು ಗೊತ್ತಾಗುತ್ತದೆ, ಯಾವ ಬಾಗಿಲಿನಿಂದ ಕಳ್ಳ ಬಂದ ಎಂಬುದು ಗೊತ್ತಾಗುವುದಿಲ್ಲ.

ಎಚ್ಚರ: ಬರಿ ತುದಿ ಮುಟ್ಟಿದರೆ ಚುರುಕ್ ಎನ್ನುತ್ತದೆ. ರಿಲೇಯೊಳಗೆ ಕಿಡಿ ಹಾರುತ್ತಿರುತ್ತದೆ, ಪೆಟ್ರೋಲ್ ಕ್ಯಾನ್, ಗ್ಯಾಸ್ ಹತ್ತಿರ ಬೇಡ. ಬ್ಯಾಟರಿಯ ಪ್ಲಸ್‌ನಲ್ಲಿ ಒಂದು ಫ್ಯೂಸ್ ಇರಲಿ. ಇದೇ ಪ್ರಯೋಗವನ್ನು ಮೋಟಾರ್ ಸ್ಟಾರ್ಟರ್ ಬಿಚ್ಚಿ 415 ವೋಲ್ಟ್‌ನಲ್ಲಿ ಮಾಡುತ್ತೇನೆ ಎಂದು ಹೊರಡಬೇಡಿ.

5. ವಾಕಿಟಾಕಿ ಮತ್ತು ಫೋನ್

ರಿಲೇ ತೋರಿಸಿದ್ದು ತಂತಿಯಿಂದ ತಂತಿಗೆ ಹಾರುವ ಗದ್ದಲ. ಇದು ಗಾಳಿಯಲ್ಲಿ ಬರುವುದು. ಲ್ಯಾಬ್‌ನಲ್ಲಿ ಇದನ್ನು ವೋಲ್ಟ್ ಪ್ರತಿ ಮೀಟರ್ ಎಂದು ಅಳೆಯುತ್ತಾರೆ. ಮನೆ ಬಳಕೆಯ ಸಾಮಾನು 3 ವೋಲ್ಟ್ ಪ್ರತಿ ಮೀಟರ್ ತಡೆದರೆ ಸಾಕು, ಕಾರ್ಖಾನೆಯದ್ದು 10 ತಡೆಯಬೇಕು. ನಿಮ್ಮ ಹತ್ತಿರ ಆ ಮೀಟರ್ ಇಲ್ಲ, ಆದರೆ ಲೆಕ್ಕ ಇದೆ. ಅರ್ಧ ವ್ಯಾಟ್‌ನ ವಾಕಿಟಾಕಿ ಒಂದು ಮೀಟರ್ ದೂರದಲ್ಲಿ ಸುಮಾರು 5 ವೋಲ್ಟ್ ಪ್ರತಿ ಮೀಟರ್ ಕೊಡುತ್ತದೆ. ಅರ್ಧ ಮೀಟರಿಗೆ ತಂದರೆ ಸುಮಾರು 10. ದೂರ ಅರ್ಧವಾದರೆ ಬಲ ಎರಡರಷ್ಟು, ಅಷ್ಟೇ. ಒಂದು ಗೇಣಿಗಿಂತ ಹತ್ತಿರ ತಂದರೆ ಈ ಲೆಕ್ಕ ನಿಲ್ಲುವುದಿಲ್ಲ, ಅಲ್ಲಿ ಬಿದ್ದ ಬೋರ್ಡನ್ನು ಬೈಯಬೇಡಿ.

ಅಳತೆ ಟೇಪ್ ಹಿಡಿದು 1 ಮೀಟರಿನಲ್ಲಿ ಶುರು ಮಾಡಿ. ಬಟನ್ ಐದು ಸೆಕೆಂಡ್ ಒತ್ತಿ, ಬಿಡಿ. ಆಂಟೆನಾ ನಿಲ್ಲಿಸಿ ಒಂದು ಸಲ, ಮಲಗಿಸಿ ಒಂದು ಸಲ. ಡಬ್ಬಿಯ ನಾಲ್ಕೂ ಕಡೆಯಿಂದ. ಆಮೇಲೆ ತಂತಿಯ ಉದ್ದಕ್ಕೂ ನಿಧಾನವಾಗಿ ನಡೆಯಿರಿ. 446 ಮೆಗಾಹರ್ಟ್ಸ್‌ಗೆ ಸುಮಾರು 17 ಸೆಂಟಿಮೀಟರ್ ತಂತಿ ಸೊಗಸಾದ ಆಂಟೆನಾ ಆಗುತ್ತದೆ. ಬೋರ್ಡಿನಿಂದ ಸೆನ್ಸರ್‌ಗೆ ನೀವು ಹಾಕಿರುವ ಒಂದು ಗೇಣಿನ ಜಂಪರ್ ಕೂಡ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ, ನೋಡಿ!

ಯಾವ ವಾಕಿಟಾಕಿ? ನಮ್ಮ ದೇಶದಲ್ಲಿ 446.0ರಿಂದ 446.2 ಮೆಗಾಹರ್ಟ್ಸ್‌ನ ಕಡಿಮೆ ಶಕ್ತಿಯ ಸೆಟ್ಟುಗಳಿಗೆ ಲೈಸೆನ್ಸ್ ಬೇಡ. ಎಲ್ಲಾ ಚಾನೆಲ್ ಹಿಡಿಯುವ 5 ವ್ಯಾಟ್‌ನ ಅಗ್ಗದ ಸೆಟ್ಟು ಅದರಲ್ಲಿ ಬರುವುದಿಲ್ಲ. ಹ್ಯಾಮ್ (ಹವ್ಯಾಸಿ ರೇಡಿಯೋ) ಲೈಸೆನ್ಸ್ ಇದ್ದವರು ತಮ್ಮ ಬ್ಯಾಂಡಿನಲ್ಲಿ ಮಾಡಲಿ. "ಪರೀಕ್ಷೆಗೆ ತಾನೇ" ಎಂದು ಜಾಮರ್ ಕಟ್ಟುವುದು ಕಾನೂನಿಗೆ ವಿರುದ್ಧ, ಆ ಕಡೆ ಹೋಗಲೇಬೇಡಿ.

ಫೋನಿನ ಪರೀಕ್ಷೆ ಬೇರೆ ಥರ. 2ಜಿ ಫೋನ್ ರೇಡಿಯೋ ಸಿಗ್ನಲನ್ನು ಒಂದೇ ಸಮ ಬಿಡುವುದಿಲ್ಲ, ಸೆಕೆಂಡಿಗೆ 217 ಸಲ ಬಿಟ್ಟು ಬಿಟ್ಟು ಕಳಿಸುತ್ತದೆ. ಹಳೆಯ ಸ್ಪೀಕರ್ ಹತ್ತಿರ ಫೋನ್ ಇಟ್ಟಾಗ ರಿಂಗ್ ಆಗುವ ಮೊದಲೇ "ಟಿರ್ ಟಿಟಿರ್" ಎನ್ನುತ್ತಿತ್ತಲ್ಲ, ಅದೇ ಸದ್ದು. 900 ಮೆಗಾಹರ್ಟ್ಸ್ ಬ್ಯಾಂಡಿನಲ್ಲಿ ಅದರ ಗರಿಷ್ಠ ಬಲ 2 ವ್ಯಾಟ್, 4ಜಿ ಫೋನಿನದ್ದು ಸಾಮಾನ್ಯವಾಗಿ 0.2 ವ್ಯಾಟ್ ಮಾತ್ರ. ಫೋನಿನಿಂದ ನಡೆಯುವ ಎಷ್ಟೋ ಮೋಟಾರ್ ಸ್ಟಾರ್ಟರ್‌ಗಳಲ್ಲಿ 2ಜಿ ಮಾಡ್ಯೂಲೇ ಇದೆ, ಅಂದರೆ ಗದ್ದಲದ ಮೂಲ ನಿಮ್ಮ ಡಬ್ಬಿಯೊಳಗೇ ಕೂತಿರುತ್ತದೆ. ಫೋನ್ ಸೆಟ್ಟಿಂಗ್‌ನಲ್ಲಿ 2ಜಿ ಮಾತ್ರ ಎಂದು ಹಾಕಿ. ಜಿಯೋ ಸಿಮ್‌ನಲ್ಲಿ ಇದು ಆಗುವುದಿಲ್ಲ, ಅದರಲ್ಲಿ 2ಜಿ ಇಲ್ಲ. ಸೆನ್ಸರ್ ತಂತಿಯ ಮೇಲೆ ಫೋನ್ ಇಟ್ಟು ಕರೆ ಮಾಡಿ. ಟವರ್ ದೂರವಿದ್ದಷ್ಟೂ ಫೋನ್ ಜೋರಾಗಿ ಕೂಗುತ್ತದೆ, ಆದ್ದರಿಂದ ಒಂದೇ ಕಡ್ಡಿ ಸಿಗ್ನಲ್ ಇರುವ ಜಾಗದಲ್ಲಿ ಮಾಡಿ. ಅಂಥ ಜಾಗಕ್ಕೆ ನಮ್ಮ ಕಡೆ ಬರವಿಲ್ಲ.

ಈ ಪರೀಕ್ಷೆಯಲ್ಲಿ ಬೋರ್ಡ್ ಬೀಳುವುದಕ್ಕಿಂತ ಅಂಕಿ ಜಾರುವುದೇ ಜಾಸ್ತಿ. ಕಾಫಿ ಕಣಕ್ಕೆಂದು ನಾನೇ ಮಾಡಿದ್ದ ಉಷ್ಣಾಂಶ ಮೀಟರ್ ಕರೆ ಬಂದಾಗಲೆಲ್ಲ 9 ಡಿಗ್ರಿ ಮೇಲೆ ಹಾರುತ್ತಿತ್ತು. ಒಂದು ಸೀಸನ್ ಪೂರ್ತಿ ಬಿಸಿಲನ್ನು ಬೈದೆ.

6. ಗ್ಯಾಸ್ ಲೈಟರ್

ಮೈಯಲ್ಲಿ ಕೂತ ಸ್ಥಿರ ವಿದ್ಯುತ್ತು ಬಟನ್ ಮುಟ್ಟಿದಾಗ ಚಟ್ ಎಂದು ಹಾರುವುದಕ್ಕೆ ಇಎಸ್‌ಡಿ ಎಂದು ಹೆಸರು. ಲ್ಯಾಬ್ ಗನ್ನಿನಲ್ಲಿ ಲೋಹಕ್ಕೆ ತಾಗಿಸಿ 8,000 ವೋಲ್ಟ್, ಗಾಳಿಯಲ್ಲಿ 15,000 ವೋಲ್ಟ್‌ವರೆಗೆ ಹೊಡೆಯುತ್ತಾರೆ. ಗ್ಯಾಸ್ ಲೈಟರಿನ ಕಿಡಿ ಅದಕ್ಕೆ ಸಮ ಅಲ್ಲ, ಆದರೂ ದೊಡ್ಡ ತಪ್ಪಿದ್ದರೆ ತೋರಿಸುತ್ತದೆ. ಡಬ್ಬಿಯ ಸ್ಕ್ರೂ, ಬಟನ್ನಿನ ಅಂಚು, ಡಿಸ್‌ಪ್ಲೇ ಸುತ್ತಲಿನ ಸಂದಿ, ಇಲ್ಲೆಲ್ಲ ಒಂದೊಂದು ಕಡೆ ಹತ್ತು ಸಲ ಹೊಡೆಯಿರಿ. ಚಿಪ್ಪಿನ ಕಾಲಿಗೆ ನೇರವಾಗಿ ಹೊಡೆದರೆ ಅದು ಪರೀಕ್ಷೆಯಲ್ಲ, ಕೊಲೆ. ಅಡುಗೆಮನೆಯಲ್ಲಿ ಮಾಡಬೇಡಿ.

ಇಲ್ಲಿ ನಮ್ಮ ಊರಿಗೇ ಸೇರಿದ ಒಂದು ಗುಂಡಿ ಇದೆ. ಈ ಪರೀಕ್ಷೆಗೆ ಗಾಳಿಯ ತೇವಾಂಶ ಶೇ. 30ರಿಂದ 60ರ ಒಳಗಿರಬೇಕು. ಮಡಿಕೇರಿಯಲ್ಲೋ ಭಾಗಮಂಡಲದಲ್ಲೋ ಮಳೆಗಾಲದಲ್ಲಿ ಬಟ್ಟೆಯೇ ಒಣಗುವುದಿಲ್ಲ, ಸ್ಥಿರ ವಿದ್ಯುತ್ತು ಎಲ್ಲಿ ನಿಲ್ಲಬೇಕು? ಜುಲೈನಲ್ಲಿ ಪಾಸಾದದ್ದು ಫೆಬ್ರವರಿಯ ಒಣ ಮಧ್ಯಾಹ್ನ ಬೀಳುತ್ತದೆ. ಇದನ್ನು ಬೇಸಿಗೆಯಲ್ಲೇ ಮಾಡಿ.

7. ಕರೆಂಟ್ ಇಳಿಸಿ ನೋಡಿ

ಸೋಲಾರ್ ಪ್ಯಾನೆಲ್‌ನಿಂದ ನಡೆಯುವ ಬೋರ್ಡಿಗೆ ಇದು ತಪ್ಪಿಸಲೇಬಾರದ ಹಂತ. ಜೂನ್, ಜುಲೈನಲ್ಲಿ ವಾರಗಟ್ಟಲೆ ಬಿಸಿಲು ಬೀಳುವುದಿಲ್ಲ. ಬ್ಯಾಟರಿ ಒಮ್ಮೆಗೇ ಸಾಯುವುದಿಲ್ಲ, ಸಂಜೆಯ ಬೆಳಕಿನ ಹಾಗೆ ನಿಧಾನವಾಗಿ ಇಳಿಯುತ್ತದೆ. ಚಿಪ್ಪಿಗೆ ಕಷ್ಟವಾಗುವುದು ಆಫ್ ಆಗುವುದಲ್ಲ, ಈ ಅರೆಜೀವ.

ವೋಲ್ಟೇಜ್ ಇಂತಿಷ್ಟಕ್ಕಿಂತ ಇಳಿದರೆ ಚಿಪ್ಪನ್ನು ನಿಲ್ಲಿಸಿಬಿಡುವ ವ್ಯವಸ್ಥೆಗೆ ಬ್ರೌನ್‌ಔಟ್ ಡಿಟೆಕ್ಟರ್ ಎಂದು ಹೆಸರು. ಆರ್ಡುಯಿನೋ ಉನೋ ಎಂಬ ಬೋರ್ಡಿನಲ್ಲಿ ಅದು 2.7 ವೋಲ್ಟ್‌ಗೆ ಹೊಂದಿಸಿ ಬರುತ್ತದೆ. ಆದರೆ ಅದರ ಚಿಪ್ 16 ಮೆಗಾಹರ್ಟ್ಸ್‌ನಲ್ಲಿ ಸರಿಯಾಗಿ ಓಡಲು ಸುಮಾರು 3.8 ವೋಲ್ಟ್ ಬೇಕು. ನಡುವಿನ ಆ ಒಂದು ವೋಲ್ಟ್‌ನಲ್ಲಿ ಅದು ಏನು ಬೇಕಾದರೂ ಮಾಡಬಹುದು, ನಿಮ್ಮ ಮೋಟಾರ್ ಆನ್ ಮಾಡುವುದೂ ಸೇರಿ. 4.3 ವೋಲ್ಟ್‌ಗೆ ಬದಲಿಸಿಕೊಳ್ಳುವ ಅವಕಾಶ ಆ ಚಿಪ್ಪಿನಲ್ಲಿದೆ.

ಪವರ್ ಸಪ್ಲೈ ಹಿಡಿದು ಒಂದು ನಿಮಿಷದಲ್ಲಿ ಸೊನ್ನೆಗೆ ಇಳಿಸಿ, ಒಂದು ನಿಮಿಷದಲ್ಲಿ ಏರಿಸಿ. ಬೋರ್ಡ್ ತಾನೇ ಎದ್ದು ಕೂತಿತೇ? ಆಮೇಲೆ ಸ್ವಿಚ್ಚನ್ನು ಪಟಪಟ ಆಫ್ ಆನ್ ಮಾಡಿ, ಮಳೆಗಾಲದಲ್ಲಿ ಕರೆಂಟ್ ಹೋಗಿ ಬರುವ ಹಾಗೆ. ಹತ್ತಕ್ಕೆ ಹತ್ತು ಸಲ ಏಳಬೇಕು.

8. ಮಿಂಚಿನ ಪರೀಕ್ಷೆ ಮನೆಯಲ್ಲಿ ಬೇಡ

ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಲೈನಿಗೆ ಬರುವ ದೊಡ್ಡ ಏಟಿಗೆ ಸರ್ಜ್ ಅನ್ನುತ್ತಾರೆ. ಇದನ್ನು ಮನೆಯಲ್ಲಿ ಅನುಕರಿಸುವ ಯಾವ ಉಪಾಯವೂ ಸುರಕ್ಷಿತವಲ್ಲ, ಜೀವ ಹೋಗುತ್ತದೆ. ಸರ್ಜ್ ತಡೆಯುವ ಎಸ್‌ಪಿಡಿ ಮತ್ತು ಒಳ್ಳೆಯ ಅರ್ತಿಂಗ್ ಹಾಕಿಸಿ, ಮುಂದಕ್ಕೆ ಹೋಗಿ.

9. ಬಿದ್ದರೆ ಏನು ಮಾಡುವುದು

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಅದೇ ಪರೀಕ್ಷೆ ಮತ್ತೆ ಮಾಡಿ. ನಾನು ಹೋಗುವ ಕ್ರಮ ಹೀಗೆ.

ಮೊದಲು ತಂತಿ. ಸೆನ್ಸರ್‌ನ ಎರಡೂ ತಂತಿಗಳನ್ನು ಒಂದಕ್ಕೊಂದು ಹೊಸೆಯಿರಿ. ಮೋಟಾರ್ ಕೇಬಲ್ಲಿನ ಪಕ್ಕ ಒಂದೇ ಪೈಪಿನಲ್ಲಿ ಎಳೆಯಬೇಡಿ, ಕನಿಷ್ಠ ಒಂದು ಅಡಿ ದೂರವಿಡಿ, ದಾಟಲೇಬೇಕಾದರೆ ಅಡ್ಡ ದಾಟಿಸಿ. ಖರ್ಚಿಲ್ಲದ ಇದರಲ್ಲೇ ಅರ್ಧ ತೊಂದರೆ ಹೋಗುತ್ತದೆ.

ಆಮೇಲೆ ಫೆರೈಟ್. ಲ್ಯಾಪ್‌ಟಾಪ್ ಚಾರ್ಜರಿನ ತಂತಿಯಲ್ಲಿ ಉಬ್ಬಿದ ಕಪ್ಪು ಗುಂಡು ಇರುತ್ತದಲ್ಲ, ಅದೇ. ಕ್ಲಿಪ್ ಹಾಕುವ ಥರದ್ದು ಸಿಗುತ್ತದೆ. ತಂತಿ ಡಬ್ಬಿಯೊಳಗೆ ಹೋಗುವ ಬಾಯಲ್ಲೇ ಹಾಕಿ. ಒಂದರ ಬದಲು ಮೂರು ಸುತ್ತು ಹಾಕಿದರೆ ಪರಿಣಾಮ ಮೂರು ಪಟ್ಟಲ್ಲ, ಸುಮಾರು ಒಂಬತ್ತು ಪಟ್ಟು.

ಬೋರ್ಡಿನ ಒಳಗೆ, ಉದ್ದ ತಂತಿ ಬರುವ ಪ್ರತಿ ಪಿನ್ನಿಗೂ 1 ಕಿಲೋ ಓಮ್ ರೆಸಿಸ್ಟರ್ ಸಾಲಿನಲ್ಲಿ, 100 ನ್ಯಾನೋಫ್ಯಾರಡ್ ಕೆಪಾಸಿಟರ್ ಗ್ರೌಂಡಿಗೆ. ಚಿಪ್ಪಿನೊಳಗಿನ ಪುಲ್‌ಅಪ್, ಅಂದರೆ ಪಿನ್ನನ್ನು ಮೇಲೆ ಹಿಡಿದಿಡುವ ರೆಸಿಸ್ಟರ್, 20ರಿಂದ 50 ಕಿಲೋ ಓಮ್‌ನಷ್ಟು ಸಡಿಲ. ಹೊರಗಿನಿಂದ 4.7 ಕಿಲೋ ಓಮ್ ಕೊಡಿ. ಬಿಸಿಲಲ್ಲಿ ಮಳೆ ಎಣಿಸುವ ಮಾಪಕಗಳು ಇಷ್ಟಕ್ಕೇ ಸರಿಹೋದದ್ದು ಬಹಳ.

ಗದ್ದಲದ ಮೂಲವನ್ನೂ ಹಿಡಿಯಬಹುದು. ಡಿಸಿ ರಿಲೇ ಕಾಯಿಲಿಗೆ ಅಡ್ಡಲಾಗಿ ಒಂದು ಡಯೋಡ್. ಸ್ಟಾರ್ಟರಿನ ಕಾಂಟ್ಯಾಕ್ಟರಿಗೆ ಆರ್‌ಸಿ ಸ್ನಬ್ಬರ್ ಎಂಬ ಸಣ್ಣ ತುಂಡು ಸಿಗುತ್ತದೆ, ಅದು ಏಟನ್ನು ಹುಟ್ಟಿದಲ್ಲೇ ಮೆತ್ತಗೆ ಮಾಡುತ್ತದೆ. ಇದನ್ನು ಎಲೆಕ್ಟ್ರಿಷಿಯನ್ ಕೈಯಲ್ಲೇ ಹಾಕಿಸಿ.

ಎಲ್ಲ ಮುಗಿದ ಮೇಲೆ ವಾಚ್‌ಡಾಗ್ ಮತ್ತೆ ಆನ್ ಮಾಡಲು ಮರೆಯಬೇಡಿ. ನಾನು ಮರೆತಿದ್ದೇನೆ, ಎರಡು ಸಲ.

10. ತೋಟದಲ್ಲಿ ಒಂದು ವಾರ

ಗಟ್ಟಿಯಾಗಿ ಕೂರಿಸುವ ಮೊದಲು ಜಾಗದಲ್ಲೇ ತಾತ್ಕಾಲಿಕವಾಗಿ ಇಟ್ಟು ಮೋಟಾರನ್ನು ಇಪ್ಪತ್ತು ಸಲ ಆಫ್ ಆನ್ ಮಾಡಿಸಿ. ಒಂದಕ್ಕೊಂದು ಐದು ನಿಮಿಷ ಬಿಡುವು ಕೊಡಿ, ಬೋರ್ಡ್ ಪರೀಕ್ಷೆಗೆ ಹೋಗಿ ಮೋಟಾರ್ ಸುಟ್ಟರೆ ಮನೆಯಲ್ಲಿ ಯಾರೂ ಕ್ಷಮಿಸುವುದಿಲ್ಲ. ಬೇಲಿ ಪಕ್ಕದ ಡಬ್ಬಿಯನ್ನು ಮಳೆ ಬಿದ್ದ ರಾತ್ರಿ ನೋಡಬೇಕು, ಕೊಂಬೆ ಒದ್ದೆಯಾಗಿ ಕಿಡಿ ಹಾರುವುದು ಆಗಲೇ. ಬೇಲಿ ಆನ್ ಇರುವಾಗ ಅದಕ್ಕೆ ಯಾವ ತಂತಿಯನ್ನೂ ಕಟ್ಟಲು ಹೋಗಬೇಡಿ.

ಮಾರಾಟಕ್ಕೆ ಮಾಡುವವರಿಗೆ ಇಷ್ಟು ಸಾಲದು. ಈ ಪರೀಕ್ಷೆಗಳ ಅಂತರರಾಷ್ಟ್ರೀಯ ಮಾನದಂಡ ಐಇಸಿ 61000-4 ಸರಣಿ: 4-2 ಎಂದರೆ ಲೈಟರ್ ಪರೀಕ್ಷೆಯ ಅಣ್ಣ, 4-3 ವಾಕಿಟಾಕಿಯದ್ದು, 4-4 ರಿಲೇಯದ್ದು, 4-5 ಮಿಂಚಿನದ್ದು, 4-11 ಕರೆಂಟ್ ಇಳಿಯುವುದರದ್ದು. ಭಾರತದಲ್ಲಿ ಇದು ಐಎಸ್ 14700 ಎಂಬ ಹೆಸರಿನಲ್ಲಿದೆ. ಸರ್ಕಾರಿ ಸಂಶೋಧನಾ ಸಂಸ್ಥೆ ಸಮೀರ್‌ನ ಚೆನ್ನೈ ಕೇಂದ್ರದಲ್ಲಿ ಮಾಡುತ್ತಾರೆ, ಬೆಂಗಳೂರಿನಲ್ಲೂ ಎನ್‌ಎಬಿಎಲ್ ಮಾನ್ಯತೆಯ ಲ್ಯಾಬ್‌ಗಳಿವೆ. ಲ್ಯಾಬ್‌ನಲ್ಲಿ ಗಂಟೆ ಲೆಕ್ಕದಲ್ಲಿ ದುಡ್ಡು. ಹೋಗುವಾಗ ಎರಡು ಬೋರ್ಡ್, ತೋಟದಲ್ಲಿ ಹಾಕುವಷ್ಟೇ ಉದ್ದದ ತಂತಿ, ಒಂದು ಹಿಡಿ ಫೆರೈಟ್, ಸೋಲ್ಡರಿಂಗ್ ಕಡ್ಡಿ ಮತ್ತು ಈ ನೋಟ್‌ಬುಕ್ ಜೊತೆಗಿರಲಿ.